ಎರಡು ಮೇಲೆ, ಎರಡು ಕೆಳಗೆ

ನನ್ನ ಹೆಂಡತಿಯ ಪಿಎಚ್.ಡಿ. ಪ್ರಬಂಧದ ಐದನೆಯ ಅಧ್ಯಾಯಕ್ಕೆ ಅಡ್ಡ ಬಂದದ್ದು ಒಂದು ಸಣ್ಣ ಉಬ್ಬು. ಗ್ರಾಫಿನ ಗೆರೆ ನೆಟ್ಟಗೆ ಹೋಗುತ್ತಿರುವಾಗ ಒಂದು ಕಡೆ ಸ್ವಲ್ಪ ಎದ್ದು ಮತ್ತೆ ಕೂರುತ್ತಿತ್ತು, ಅಷ್ಟೆ. ನಾನು ಮುಂಬೈಯ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಪುಟದಲ್ಲಿ ಅಂಥದ್ದು ಕಂಡರೆ ಮಸಿ ಹರಡಿದೆ ಅನ್ನುತ್ತೇವೆ. ಅವಳು ಅದಕ್ಕೆ ‘ಮಾದರಿಯಲ್ಲಿನ ಕಲ್ಮಶ’ ಎಂದು ಬರೆದಿದ್ದಳು. ಅವಳ ವಿದ್ಯೆಯವರೆಲ್ಲ ಅರ್ಥವಾಗದ ಉಬ್ಬಿಗೆ ಹಾಗೇ ಬರೆಯುತ್ತಾರಂತೆ.

ಹಿನ್ನೆಲೆ ಹೇಳಿಬಿಡುತ್ತೇನೆ. ಅವಳು ಧಾರವಾಡದವಳು. ಅಂಧೇರಿಯ ಒಂದು ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿ, ಮಗಳು ಹಾಸ್ಟೆಲಿಗೆ ಹೋದ ಮೇಲೆ ಸಂಶೋಧನೆಗೆ ಸೇರಿದಳು. ಪ್ರಯೋಗಾಲಯದಲ್ಲಿ ಗಾಜಿನ ಬುರುಡೆ ಹಿಡಿಯುವ ಸಂಶೋಧನೆಯಲ್ಲ. ಉಪ್ಪಿನಂತೆ ಅಯಾನುಗಳಿಂದ ಕಟ್ಟಿದ ವಸ್ತುಗಳ ಒಳಗೆ ಎಲೆಕ್ಟ್ರಾನುಗಳು ಹೇಗೆ ಕೂತಿವೆ, ಆ ವಸ್ತು ಅಯಸ್ಕಾಂತವಾಗುತ್ತದೋ ಇಲ್ಲವೋ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಮೊದಲ ನಾಲ್ಕು ಅಧ್ಯಾಯಗಳ ಪ್ರಶ್ನೆಗಳನ್ನು ಕೊಟ್ಟವರು ಅವಳ ಗೈಡ್. ಐದನೆಯದರ ವಸ್ತುವನ್ನು, ಮ್ಯಾಂಗನೀಸ್ ಇರುವ ಒಂದು ಆಕ್ಸೈಡನ್ನು, ಅವಳೇ ಆರಿಸಿದ್ದಳು. ಪ್ರಶ್ನೆಯೂ ಅವಳದೇ.

ಅಂತಿಮ ಸಲ್ಲಿಕೆಗೆ ಮೊದಲು ಸಮಿತಿಯ ಮುಂದೆ ಒಂದು ಮಂಡನೆ ಇರುತ್ತದೆ. ಅದು ಮೇ ತಿಂಗಳ ಕೊನೆಯ ಶುಕ್ರವಾರ ಎಂದು ನಿಗದಿಯಾಗಿತ್ತು. ಅದೇ ವಸ್ತುವನ್ನು ನಿಜವಾಗಿ ತಯಾರಿಸಿ, ತಂಪು ಮಾಡಿ, ಅದರೊಳಗೆ ನ್ಯೂಟ್ರಾನು ಹಾಯಿಸಿ ಅಳೆದವರು ಸಮಿತಿಯಲ್ಲಿದ್ದ ಒಬ್ಬ ಪ್ರಾಧ್ಯಾಪಕಿ. ಉಬ್ಬು ಅವರ ಗ್ರಾಫಿನದು. ನನ್ನ ಹೆಂಡತಿಯ ಲೆಕ್ಕದ ಪ್ರಕಾರ ಆ ಜಾಗದಲ್ಲಿ ಏನೂ ಇರಬಾರದಿತ್ತು. ಗೈಡ್ ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದರು: ಐದನೆಯ ಅಧ್ಯಾಯ ಬಿಟ್ಟುಬಿಡಿ, ನಾಲ್ಕು ಸಾಕು, ಡಿಗ್ರಿ ಬರುತ್ತದೆ.

ಡಿಗ್ರಿ ಬರುತ್ತಿತ್ತು. ಅವಳದು ಎಂದು ಹೇಳಬಹುದಾದ ಅಧ್ಯಾಯ ಹೋಗುತ್ತಿತ್ತು. ಆ ವಾರ ಮನೆಯಲ್ಲಿ ಬೇರೆ ಸುದ್ದಿ ಇರಲಿಲ್ಲ.

ನಮ್ಮದು ಕುರ್ಲಾದಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯ ಮನೆ. ಉಡುಪಿ ಕಡೆಯ ನನ್ನ ಅಮ್ಮ ನಮ್ಮೊಂದಿಗೇ ಇದ್ದಾರೆ. ಅಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಅವರು ತೀರಿಕೊಂಡ ಮೇಲೂ ಅಮ್ಮ ಜಗತ್ತನ್ನು ಗಲ್ಲಾದ ಹಿಂದಿನಿಂದಲೇ ನೋಡುವುದು. ಆ ಶನಿವಾರ ಬೆಳಿಗ್ಗೆ ನೀರುದೋಸೆ ಹಾಕುತ್ತಾ ಸೊಸೆಯನ್ನು ವಿಚಾರಿಸಿಕೊಂಡರು.

“ಎಲೆಕ್ಟ್ರಾನ್ ಅಂದ್ರೆ ಎಂತದು, ಕರೆಂಟಾ?”

“ಅವು ಓಡಾಡಿದ್ರ ಕರೆಂಟ್ರಿ ಅತ್ತಿ. ನನ್ನ ವಸ್ತುವಿನಾಗ ಓಡಾಡಂಗಿಲ್ಲ, ಕುಂತಬಿಟ್ಟಾವ. ನಿಮ್ಮ ಹೋಟೆಲ್ನಾಗ ಮುಂಜಾನೆ ಗಿರಾಕಿ ಹೆಂಗ ಕುಂಡರತಿದ್ರು ಹೇಳ್ರಿ?”

“ಒಬ್ಬೊಬ್ಬ ಒಂದೊಂದು ಟೇಬಲಿಗೆ. ಜಾಗ ಇಲ್ಲ ಅಂತ ಆದ ಮೇಲೆ ಎದುರು ಬಂದು ಕೂರುದು.”

“ಹಂಗ ಇವು. ಮ್ಯಾಂಗನೀಸ್ ಒಂದು ಹೋಟೆಲ್ ಅನ್ರಿ, ಐದು ಟೇಬಲ್. ಇದ್ದ ಗಿರಾಕಿ ಎಲ್ಲಾ ಬ್ಯಾರೆ ಬ್ಯಾರೆ ಟೇಬಲಿಗೆ ಕುಂತು ಒಂದ ದಿಕ್ಕಿಗೆ ಮುಖಾ ಮಾಡತಾವ. ಅದಕ್ಕ ಆ ಹೋಟೆಲ್ಲ ಒಂದು ಸಣ್ಣ ಅಯಸ್ಕಾಂತ.”

ಅಮ್ಮ ದೋಸೆ ಮಡಚಿ ತಟ್ಟೆಗೆ ಹಾಕಿದರು. “ಹಾಗೆ ಕೂತ್ರೆ ಹೋಟೆಲ್ ಮುಚ್ಚುದೇ. ಇವನ ಅಪ್ಪ ಆಗಿದ್ರೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂತ ಹೇಳಿ ಇಬ್ಬಿಬ್ರನ್ನು ಕೂರಿಸ್ತಿದ್ರು.”

“ಕೂರಸಬಹುದು. ಆದ್ರ ಜಗಳಾ ಆಗತದ. ಆ ಜಗಳಕ್ಕ ಎಷ್ಟು ಶಕ್ತಿ ಖರ್ಚು ಅನ್ನೋದೂ ನನ್ನ ಲೆಕ್ಕದಾಗ ಒಂದು ಅಂಕಿ.”

“ಹಾಗಾದ್ರೆ ನಿನ್ನ ಎಲೆಕ್ಟ್ರಾನಿಗೆ ಬೊಂಬಾಯಿ ಗೊತ್ತಿಲ್ಲ,” ಎಂದು ಅಮ್ಮ ತೀರ್ಪು ಕೊಟ್ಟರು. “ಇನ್ನೊಂದು ಬೇಕಾ?”

ಮುಂದಿನದನ್ನು ಅವಳು ನನಗೆ ಲೋಕಲ್ ರೈಲಿನಲ್ಲಿ ಹೇಳಿದಳು. ಒಂದು ಹೋಟೆಲು ಮೇಲ್ಮುಖವಾದರೆ ಪಕ್ಕದ್ದು ಮೇಲ್ಮುಖವೋ ಕೆಳಮುಖವೋ ಎಂಬುದು ನಿಜವಾದ ಪ್ರಶ್ನೆ. ಎಲ್ಲವೂ ಒಂದೇ ಕಡೆ ತಿರುಗಿದ್ದರೆ ವಸ್ತು ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುತ್ತದೆ. ಒಂದು ಮೇಲೆ, ಒಂದು ಕೆಳಗೆ ಎಂದಿದ್ದರೆ ಒಂದನ್ನೊಂದು ಅಳಿಸಿಹಾಕಿ ಹೊರಗೆ ಏನೂ ತೋರುವುದಿಲ್ಲ. ಅವಳ ಲೆಕ್ಕದಲ್ಲಿ ಗೆದ್ದಿದ್ದು ಎರಡನೆಯದು.

ಆ ದಿನ ನಾವಿಬ್ಬರೂ ಮಾಟುಂಗಕ್ಕೆ ಹೊರಟಿದ್ದೆವು. ಆ ಪ್ರಾಧ್ಯಾಪಕಿ ಮಂಗಳೂರಿನವರು, ಮಾಟುಂಗದಲ್ಲಿ ಮನೆ. ಮಂಡನೆಗೆ ಮೊದಲು ಒಮ್ಮೆ ಮಾತಾಡೋಣ, ಹೋಟೆಲಿಗೆ ಬನ್ನಿ ಎಂದಿದ್ದರು. ನನ್ನನ್ನು ಕರೆದುಕೊಂಡು ಹೋದದ್ದು ಧೈರ್ಯಕ್ಕೆ. ಬಾಯಿ ತೆರೆಯಬಾರದು ಎಂಬ ಷರತ್ತಿತ್ತು.

ಪ್ರಾಧ್ಯಾಪಕಿ ಮೊದಲೇ ಬಂದು ಬನ್ಸ್ ತರಿಸಿಕೊಂಡಿದ್ದರು. ಬಿಳಿ ಕೂದಲು, ಹೆಗಲಿಗೆ ಬಟ್ಟೆಯ ಚೀಲ. ಕುಶಲ ವಿಚಾರಿಸಿ ನೇರ ವಿಷಯಕ್ಕೆ ಬಂದರು.

“ನಮ್ಮ ಸ್ಯಾಂಪಲ್‌ನಲ್ಲಿ ಕಲ್ಮಶ ಉಂಟು ಅಂತ ಬರೆದಿದ್ದೀರಿ. ನಂಗೆ ಬೇಜಾರಿಲ್ಲ. ಯಾವ ಕಲ್ಮಶ?”

“ಮ್ಯಾಡಮ್, ಅದು... ಮ್ಯಾಂಗನೀಸಿಂದ ಇನ್ನೊಂದು ಆಕ್ಸೈಡ್ ಇರಬಹುದು ಅಂತ.”

“ಯಾವುದೇ ಆದ್ರೂ ಅದಕ್ಕೊಂದು ಹೆಸರು ಉಂಟಲ್ವಾ? ನಾನು ಎಲ್ಲ ಹೆಸರು ಹಾಕಿ ನೋಡಿದೆ, ಒಂದೂ ಕೂರುದಿಲ್ಲ. ಇನ್ನೊಂದು ಕೇಳಿ. ಸ್ಯಾಂಪಲನ್ನು ತಂಪಿನಿಂದ ಸ್ವಲ್ಪ ಬೆಚ್ಚಗೆ ಮಾಡಿದ್ರೆ ಆ ಉಬ್ಬು ಹೋಗ್ತದೆ. ವಸ್ತುವಿನ ಕಾಂತಗುಣ ಯಾವಾಗ ಹೋಗ್ತದೋ ಅದೇ ಹೊತ್ತಿಗೆ.” ಅವರು ಬನ್ಸ್ ಮುರಿದರು. “ಕಲ್ಮಶ ಬಿಸಿಗೆ ಹೋಗುದಾದ್ರೆ ನಾವು ಬಟ್ಟೆ ಒಗೆಯುದೇ ಬೇಡ. ಇಸ್ತ್ರಿ ಹಾಕಿದ್ರೆ ಸಾಕು.”

ನನಗೆ ನಗು ಬಂತು. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು.

“ಅಂದ್ರ ಆ ಉಬ್ಬು ಕಾಂತದ್ದ,” ಎಂದಳು ನಿಧಾನವಾಗಿ.

“ನಾನು ಹೇಳುದಿಲ್ಲ. ನಾನು ಅಳೆಯುವವಳು, ಲೆಕ್ಕ ನಿಮ್ಮದು. ಶುಕ್ರವಾರ ಇದನ್ನೇ ಕೇಳ್ತೇನೆ. ಎಲ್ಲರ ಎದುರು ಹಠಾತ್ತನೆ ಕೇಳುದು ಸರಿಯಲ್ಲ ಅಂತ ಇವತ್ತೇ ಕೇಳಿದೆ. ಬನ್ಸ್ ತಿನ್ನಿ, ತಣ್ಣಗಾಗ್ತದೆ.”

ತಿಂದು ವಾಪಸು ಹೊರಟೆವು. ಮಾಟುಂಗ ಸ್ಟೇಷನ್ನಿನ ಸೇತುವೆಯ ಮೇಲೆ ಸೀರೆ ಅಂಚು ಮಾರುವವನೊಬ್ಬ ಸುರುಳಿಗಳನ್ನು ಬಿಚ್ಚಿ ತೋರಿಸುತ್ತಿದ್ದ. ಅವಳು ಅತ್ತ ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ರೈಲು ಸಯನ್ ದಾಟಿದ ಮೇಲೆ, ಬಾಗಿಲ ಹತ್ತಿರದ ಗದ್ದಲದಲ್ಲಿ, ನನ್ನ ಕಿವಿಗೆ ಬಾಯಿಟ್ಟು ಹೇಳಿದಳು:

“ರೀ, ನನ್ನ ಪೆಟ್ಟಿಗಿನ ಸಣ್ಣದು.”

ವಿವರಣೆ ಮನೆಗೆ ಬಂದ ಮೇಲೆ ಸಿಕ್ಕಿತು. ಹರಳಿನಲ್ಲಿರುವ ಅಯಾನುಗಳಿಗೆ ಲೆಕ್ಕವಿಲ್ಲ. ಅಷ್ಟನ್ನೂ ಕಂಪ್ಯೂಟರಿಗೆ ಕೊಡಲಾಗುವುದಿಲ್ಲ. ಆದ್ದರಿಂದ ಕೆಲವೇ ಅಯಾನುಗಳಿರುವ ಒಂದು ಸಣ್ಣ ಪೆಟ್ಟಿಗೆಯನ್ನು ಕೊಟ್ಟು, ಎಲ್ಲ ದಿಕ್ಕಿಗೂ ಇದನ್ನೇ ಮತ್ತೆ ಮತ್ತೆ ಇಡು ಎನ್ನುತ್ತಾರೆ, ಸೀರೆಯ ಅಂಚಿಗೆ ಒಂದೇ ಅಚ್ಚನ್ನು ಒತ್ತುತ್ತಾ ಹೋದಂತೆ. ಅವಳ ಪೆಟ್ಟಿಗೆಯಲ್ಲಿ ಒಂದು ಸಾಲಿಗೆ ಎರಡೇ ಮ್ಯಾಂಗನೀಸ್. ಎರಡರ ಅಚ್ಚಿನಿಂದ ಮೂಡುವ ಚಿತ್ತಾರ ಎರಡೇ: ಎಲ್ಲವೂ ಒಂದೇ ಕಡೆ, ಇಲ್ಲವೇ ಒಂದು ಮೇಲೆ ಒಂದು ಕೆಳಗೆ. ಎರಡು ಮೇಲೆ, ಎರಡು ಕೆಳಗೆ ಎಂಬ ಚಿತ್ತಾರಕ್ಕೆ ನಾಲ್ಕರ ಅಚ್ಚು ಬೇಕು. ಕಂಪ್ಯೂಟರು ಅದನ್ನು ತಿರಸ್ಕರಿಸಿರಲಿಲ್ಲ. ಅದಕ್ಕೆ ಅದನ್ನು ತೋರಿಸಿಯೇ ಇರಲಿಲ್ಲ. ಉಬ್ಬು ಬಂದಿದ್ದ ಜಾಗವೋ, ಇಮ್ಮಡಿ ಉದ್ದದ ಚಿತ್ತಾರಕ್ಕೆ ಉಬ್ಬು ಬರಬೇಕಾದ ಜಾಗವೇ.

“ಮತ್ತೆ ಪೆಟ್ಟಿಗೆ ಯಾಕೆ ಚಿಕ್ಕದಿಟ್ಟೆ?” ಎಂದು ಕೇಳಿದೆ.

“ನಾ ಎಲ್ಲಿ ಇಟ್ಟೆ? ಸೀನಿಯರ್ ಕೊಟ್ಟ ಫೈಲು. ಅವರಿಗೆ ಅವರ ಸೀನಿಯರ್ ಕೊಟ್ಟದ್ದು. ನಾವೆಲ್ಲಾ ವಸ್ತುವಿನ ಹೆಸರು ಅಷ್ಟ ಬದಲಿ ಮಾಡಿ ಓಡಸ್ತೇವಿ. ನಿಮ್ಮಲ್ಲಿ ಹಂಗ ಮಾಡಂಗಿಲ್ಲೇನು?”

ಮಾಡುತ್ತೇವೆ. ಪ್ರತಿ ವರ್ಷದ ಮೊದಲ ಮಳೆಯ ವರದಿ ಹೋದ ವರ್ಷದ ಪ್ಯಾರಾದಿಂದಲೇ ಶುರುವಾಗುತ್ತದೆ.

ಇಮ್ಮಡಿ ಪೆಟ್ಟಿಗೆಗೆ ಇಮ್ಮಡಿ ಸಮಯವಲ್ಲ, ಎಂಟು ಪಟ್ಟಿನ ಹತ್ತಿರ ಬೇಕಾಗುತ್ತದೆ. ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿ ಸರದಿ ಜೂನಿಗಿಂತ ಮೊದಲು ಇರಲಿಲ್ಲ. ನಮ್ಮ ಹಾಲ್‌ನಲ್ಲಿ ಅವಳು ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಒಂದು ದಪ್ಪ ಕಂಪ್ಯೂಟರ್ ಯಂತ್ರವಿತ್ತು. ಅದರಲ್ಲೇ ಹಾಕುವುದೆಂದು ತೀರ್ಮಾನವಾಯಿತು. ಮೊದಲು ಹಳೆಯ ಚಿತ್ತಾರವನ್ನು ದೊಡ್ಡ ಪೆಟ್ಟಿಗೆಯಲ್ಲಿ, ಆಮೇಲೆ ಹೊಸದನ್ನು ಅದೇ ಪೆಟ್ಟಿಗೆಯಲ್ಲಿ. ಒಂದೇ ತಕ್ಕಡಿಯಲ್ಲಿ ತೂಗದಿದ್ದರೆ ಯಾವುದರ ಶಕ್ತಿ ಕಡಿಮೆ ಎಂದು ಹೇಳಲಾಗದು. ಶಕ್ತಿ ಕಡಿಮೆ ಇರುವುದೇ ಪ್ರಕೃತಿಗೆ ಒಪ್ಪಿಗೆ.

“ಹಳೇದೇ ಗೆದ್ರೆ?” ಎಂದೆ.

“ಗೆದ್ರ ಗೆದ್ದದ್ದನ್ನ ತೋರಸ್ತೇನಿ. ಉಬ್ಬು ಯಾಕ ಅಂತ ಗೊತ್ತಿಲ್ಲ ಅಂತ ಹೇಳಿ ಅಧ್ಯಾಯ ತಗೀತೇನಿ. ಕಲ್ಮಶ ಅಂತ ಮಾತ್ರ ಇನ್ನ ಬರಿಯಂಗಿಲ್ಲ.”

ಯಂತ್ರ ಶನಿವಾರ ಸಂಜೆ ಶುರುವಾಯಿತು. ಅದರ ಫ್ಯಾನಿನ ಸದ್ದು ಬಿಲ್ಡಿಂಗಿನ ನೀರಿನ ಪಂಪಿಗೆ ಸವಾಲು ಹಾಕುವಂತಿತ್ತು. ಮೇ ತಿಂಗಳ ಕುರ್ಲಾದಲ್ಲಿ ಹಾಲ್‌ಗೆ ಒಂದು ಒಲೆ ಇಟ್ಟಂತಾಯಿತು. ಅಮ್ಮ ಹಪ್ಪಳದ ತಟ್ಟೆಯನ್ನು ಯಂತ್ರದ ಹಿಂದೆ ಇಟ್ಟು, ಅರ್ಧ ದಿನದಲ್ಲಿ ಒಣಗಿದ್ದನ್ನು ನೋಡಿ, ಸೊಸೆಯ ವಿಜ್ಞಾನದ ಬಗ್ಗೆ ಮೊದಲ ಬಾರಿಗೆ ಸದಭಿಪ್ರಾಯ ವ್ಯಕ್ತಪಡಿಸಿದರು. ಹಳೆಯ ಚಿತ್ತಾರದ ಲೆಕ್ಕ ಸೋಮವಾರ ಮುಗಿಯಿತು. ಹೊಸದು ಶುರುವಾಯಿತು.

ಮಂಗಳವಾರ ಸಂಜೆ ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟಿದರು. ಮಳೆಗಾಲಕ್ಕೆ ಮುಂಚೆ ಎ ವಿಂಗ್‌ನ ಮೀಟರ್ ರೂಮ್ ರಿಪೇರಿ.

“ಭಾಭೀಜಿ, ಕಲ್ ಸುಬಹ್ ಸೇ ದೋಪಹರ್ ತಕ್ ಲೈಟ್ ಬಂದ್.”

ನಾಳೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕರೆಂಟಿಲ್ಲ. ನಾವು ಇರುವುದು ಎ ವಿಂಗ್. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಲೆಕ್ಕ ನಡುವೆ ನಿಂತರೆ ಮೊದಲಿಂದ ಶುರುಮಾಡಬೇಕಿತ್ತು. ನಡುನಡುವೆ ಕೆಲಸವನ್ನು ಡಿಸ್ಕಿಗೆ ಬರೆದಿಡು ಎಂದು ಹೇಳುವ ಸಾಲೊಂದು ಸೀನಿಯರ್ ಕೊಟ್ಟ ಆ ಫೈಲಿನಲ್ಲಿ ಇದೆಯಂತೆ. ಹಿಂದಿನವರ ಡಿಸ್ಕ್ ಚಿಕ್ಕದಿದ್ದುದರಿಂದ ಅವರು ಅದಕ್ಕೆ ‘ಬೇಡ’ ಎಂದು ಹಾಕಿದ್ದರು. ಪೆಟ್ಟಿಗೆಯನ್ನು ತಿದ್ದಿದವಳು ಆ ಸಾಲನ್ನು ನೋಡಿರಲಿಲ್ಲ. ಓಡುತ್ತಿರುವ ಲೆಕ್ಕಕ್ಕೆ ಅದನ್ನು ಈಗ ಹೇಳಲು ಬರುತ್ತಿರಲಿಲ್ಲ.

ಅವಳು ಹಿಂದಿಯಲ್ಲಿ, ಮರಾಠಿಯಲ್ಲಿ, ಮತ್ತೆ ಹಿಂದಿಯಲ್ಲಿ ಕೇಳಿಕೊಂಡಳು. ಸೆಕ್ರೆಟರಿ ಕೆಟ್ಟವರಲ್ಲ. ಎಲೆಕ್ಟ್ರಿಷಿಯನ್ ಸಿಗುವುದೇ ಕಷ್ಟ, ನಾಳೆ ಬಿಟ್ಟರೆ ಮಳೆಯಲ್ಲಿ ಮೀಟರಿಗೆ ಬೆಂಕಿ ಬಿದ್ದರೆ ಯಾರು ಹೊಣೆ ಎಂದರು. ಅವರ ಮಾತೂ ಸರಿ ಇತ್ತು.

“ಬಿ ವಿಂಗಿಗೂ ಕರೆಂಟಿಲ್ವಾ?” ಎಂದು ಅಮ್ಮ ಒಳಗಿನಿಂದ ಕನ್ನಡದಲ್ಲೇ ಕೇಳಿದರು. ನಾನು ಹಿಂದಿಗೆ ತಂದೆ. ಬಿ ವಿಂಗ್ ಮುಂದಿನ ವಾರ ಎಂದರು ಸೆಕ್ರೆಟರಿ.

ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಬಿ ವಿಂಗ್‌ನ ಅಡುಗೆಮನೆಯ ಕಿಟಕಿ. ಕೈ ಚಾಚಿದರೆ ಸಿಗದು, ಬಟ್ಟೆ ಒಣಹಾಕುವ ಕೋಲು ಚಾಚಿದರೆ ಸಿಗುತ್ತದೆ. ಅಲ್ಲಿರುವುದು ವಿಜಯಪುರದವರು, ಬಟ್ಟೆ ವ್ಯಾಪಾರ. ಆ ಮನೆಯ ಯಜಮಾನಿಗೂ ಅಮ್ಮನಿಗೂ ಕಿಟಕಿಯಿಂದ ಕಿಟಕಿಗೆ ಚಟ್ನಿಪುಡಿ, ಮಜ್ಜಿಗೆಮೆಣಸು ಹೋಗಿಬರುವ ಸಂಬಂಧ. ಅಮ್ಮ ಕಿಟಕಿಗೆ ಹೋಗಿ ಕೂಗಿದರು.

“ಹೋಯ್, ನಾಳೆ ನಿಮ್ಮ ಪ್ಲಗ್ಗಿನಿಂದ ಸ್ವಲ್ಪ ಕರೆಂಟ್ ಬೇಕಿತ್ತು!”

“ಏನ್ ಮಾಡಾಕತ್ತೀರಿ ಅಕ್ಕಾರ?”

“ಸೊಸೆ ಅಯಸ್ಕಾಂತ ಮಾಡ್ತಿದ್ದಾಳೆ. ಒಲೆ ಆರಬಾರದಂತೆ.”

ಅವರ ಯಜಮಾನರ ತಲೆ ಕಿಟಕಿಯಲ್ಲಿ ಕಾಣಿಸಿತು. “ಫ್ಯೂಜ್ ಹೋಗತದೇನ್ರಿ ಮೇಡಮ್ನೋರ?”

“ಇಲ್ರಿ ಅಣ್ಣಾರ, ಇಸ್ತ್ರಿ ಪೆಟ್ಟಿಗಿಗಿಂತ ಕಡಿಮಿ ತಗೋತದ!” ಎಂದಳು ನನ್ನ ಹೆಂಡತಿ.

“ಹಂಗಿದ್ರ ತಗೋರಿ. ಅಯಸ್ಕಾಂತ ತಯಾರಾದ ಮ್ಯಾಲ ನಮ್ಮ ಫ್ರಿಜ್ಜಿಗೊಂದು ಕೊಡ್ರಿ.”

“ಇದು ಫ್ರಿಜ್ಜಿಗೆ ಅಂಟಂಗಿಲ್ರಿ!”

“ಅಂಟಲಾರದ್ದಕ್ಕ ಇಷ್ಟು ಒದ್ದಾಟ ಏನ್ರಿ?” ಎಂದು ಅವರು ನಕ್ಕರು.

ಬುಧವಾರ ಬೆಳಿಗ್ಗೆ ಅಮ್ಮ ಕೋಲಿನ ತುದಿಗೆ ಎಕ್ಸ್‌ಟೆನ್ಷನ್ ವಯರು ಕಟ್ಟಿ ಆ ಕಡೆಗೆ ದಾಟಿಸಿದರು. ಯಂತ್ರಕ್ಕೆ ಒಂದು ಯುಪಿಎಸ್ ಇತ್ತು. ಕರೆಂಟು ಹೋದರೆ ಕೆಲವು ನಿಮಿಷ ಹಿಡಿದಿಡುತ್ತದೆ. ಆ ಅವಧಿಯಲ್ಲಿ ಅದರ ಪ್ಲಗ್ಗನ್ನು ನಮ್ಮ ಗೋಡೆಯಿಂದ ಕಿತ್ತು ಬಿ ವಿಂಗ್‌ನಿಂದ ಬಂದ ವಯರಿಗೆ ಚುಚ್ಚಬೇಕು. ಎ ವಿಂಗ್‌ನ ಕರೆಂಟು ಹೋದೊಡನೆ ಯುಪಿಎಸ್ ಕೂಗತೊಡಗಿತು. ಹೆಂಡತಿ ವಯರಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. ಪ್ಲಗ್ಗು ನಾನು ಬದಲಾಯಿಸಿದೆ. ಕೂಗು ನಿಂತಿತು, ಫ್ಯಾನು ನಿಲ್ಲಲಿಲ್ಲ. ಆಚೆ ಕಿಟಕಿಯಲ್ಲಿ ವಿಜಯಪುರದವರು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ನಮ್ಮ ಕರೆಂಟು ಬಂದ ಮೇಲೆ ಅದನ್ನೇ ಹಿಂದುಮುಂದಾಗಿ ಮಾಡಿದೆವು.

ಗುರುವಾರ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಲೆಕ್ಕ ನಿಂತಿತು. ಅವಳು ಕನ್ನಡಕ ಹುಡುಕಿದಳು. ಅದು ತಲೆಯ ಮೇಲಿತ್ತು. ಎರಡು ಅಂಕಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿ, ಒಮ್ಮೆ ಎದ್ದು ನೀರು ಕುಡಿದು, ಮತ್ತೆ ಕೂತು ನೋಡಿದಳು.

“ಹೊಸದು ಕೆಳಗ ಅದ,” ಎಂದಳು. “ಭಾಳ ಅಲ್ಲ. ಆದ್ರ ನನ್ನ ಲೆಕ್ಕದ ತಪ್ಪಿಗಿಂತ ಜಾಸ್ತಿ ಕೆಳಗ ಅದ.”

“ಅಂದ್ರೆ ಗೆದ್ದಿತಾ?” ಅಮ್ಮ ಕೇಳಿದರು.

“ಎರಡು ಮ್ಯಾಲ, ಎರಡು ಕೆಳಗ. ಹೌದ್ರಿ ಅತ್ತಿ.”

ನಾನು ವರದಿಗಾರನ ಪ್ರಶ್ನೆ ಕೇಳಿದೆ: ಇಷ್ಟರಿಂದ ಉಬ್ಬಿಗೆ ಉತ್ತರ ಸಿಕ್ಕಿತು, ಸರಿ. ಆದರೆ ಉಬ್ಬು ಮೊದಲೇ ಗೊತ್ತಿತ್ತಲ್ಲ, ಗೊತ್ತಿದ್ದಕ್ಕೆ ಹೊಂದಿಸಿದ್ದು ಅನ್ನುವುದಿಲ್ಲವೇ? ಅವಳು ನನ್ನ ಕಡೆ ತಿರುಗದೆ, ಪರದೆಯ ಮೇಲೆ ಕೆಂಪು ಚುಕ್ಕೆಗಳನ್ನು ತಿರುಗಿಸುತ್ತಾ ಕೂತಿದ್ದಳು. ಅವು ಆಮ್ಲಜನಕದ ಅಯಾನುಗಳು, ಪ್ರತಿ ಎರಡು ಮ್ಯಾಂಗನೀಸಿನ ನಡುವೆ ಒಂದು. ಒಂದೇ ದಿಕ್ಕಿನ ಜೋಡಿಯ ನಡುವೆ ಇದ್ದದ್ದು ಒಂದು ಬಗೆಯಲ್ಲಿ ಸರಿದಿತ್ತು, ಎದುರುಬದುರಾದ ಜೋಡಿಯ ನಡುವಿನದು ಇನ್ನೊಂದು ಬಗೆಯಲ್ಲಿ. ಚಿಕ್ಕ ಪೆಟ್ಟಿಗೆಯಲ್ಲಿ ಅವೆಲ್ಲ ಒಂದೇ ರೀತಿ ಇದ್ದವು.

“ಇದನ್ನ ಯಾರೂ ಅಳದಿಲ್ಲ,” ಎಂದಳು. ಅಲ್ಲೇ ಶುಕ್ರವಾರದ ಕೊನೆಯ ಸ್ಲೈಡನ್ನು ತೆರೆದಳು.

ಶುಕ್ರವಾರದ ಮಂಡನೆಗೆ ನನಗೆ ಪ್ರವೇಶವಿರಲಿಲ್ಲ. ಆದ್ದರಿಂದ ಮುಂದಿನದು ಅವಳ ಮಾತಿನ ಮೇಲೆ ನಿಂತ ವರದಿ. ಮಧ್ಯಾಹ್ನ ಡೆಸ್ಕಿನಲ್ಲಿ ಪಾಲಿಕೆಯ ಚರಂಡಿ ಸುದ್ದಿ ತಿದ್ದುತ್ತಿದ್ದಾಗ ಫೋನ್ ಬಂತು. ಹಿಂದೆ ಯಾರೋ ನಗುವುದು, ಕುರ್ಚಿ ಎಳೆಯುವುದು ಕೇಳಿಸುತ್ತಿತ್ತು.

“ಅಧ್ಯಾಯ ಉಳೀತ್ರಿ.”

“ಗೈಡ್ ಏನಂದ್ರು?”

“ನಾ ಮೊದಲ ಹೇಳಿದ್ನಲ್ಲಾ ಅಂದ್ರು. ಏನ್ ಹೇಳಿದ್ರೋ ಅವರಿಗೇ ಗೊತ್ತು.” ಅವಳು ಜೋರಾಗಿ ನಕ್ಕಳು. “ಕೇಳ್ರಿ ಇಲ್ಲೆ. ನಾನು ಮೊದಲನೇ ಸ್ಲೈಡಿನಾಗ ಕಲ್ಮಶ ಅಂತ ಬರದಿದ್ದು ತಪ್ಪು ಅಂತ ಹಾಕಿದ್ದೆ. ಮ್ಯಾಡಮ್ ಅದನ್ನ ನೋಡಿ ಸುಮ್ನ ತಲಿ ಆಡಿಸಿದ್ರು. ಆಮ್ಯಾಲ ಕಡೀ ಸ್ಲೈಡಿನಾಗ ಆಮ್ಲಜನಕ ಹಿಂಗ ಸರೀಬೇಕು, ಸರಿದಿದ್ರ ಎಕ್ಸ್-ರೇ ಗ್ರಾಫಿನಾಗ ಇಂಥಾ ಜಾಗಾದಾಗ ಒಂದು ಸಣ್ಣ ಗುರುತು ಇರಬೇಕು, ಇಲ್ಲಂದ್ರ ನಂದು ತಪ್ಪು ಅಂತ ಹೇಳಿದೆ.”

“ಆಮೇಲೆ?”

“ಅವರು ಎದ್ದು ಪರದೆ ಹತ್ರ ಬಂದು ನೋಡಿದ್ರು. ಆಮ್ಯಾಲ, ‘ಆ ಕಡೆ ನಾನು ನೋಡ್ಲೇ ಇಲ್ಲ’ ಅಂದ್ರು. ತಂಪಿನಾಗ ತಗದ ಎಕ್ಸ್-ರೇ ಹಳೇದು ಅವರ ಹತ್ರ ಅದ ಅಂತ. ಯಾರೂ ಬಿಚ್ಚಿ ನೋಡಿಲ್ಲಂತ.”

ಅಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ದನಿ ಹತ್ತಿರ ಬಂತು. “ಬನ್ನಿ ಬನ್ನಿ, ಟ್ಯಾಕ್ಸಿ ಬಂತು. ಗಂಡನಿಗೆ ಹೇಳಿ ಆಯ್ತಾ?”

“ಬಂದೇರಿ ಮ್ಯಾಡಮ್.” ಮತ್ತೆ ನನಗೆ: “ಆ ಎಕ್ಸ್-ರೇ ನೋಡ್ಲಿಕ್ಕೆ ಲ್ಯಾಬಿಗೆ ಹೊಂಟೇವ್ರಿ, ಈಗ. ಅತ್ತಿಗೆ ಹೇಳ್ರಿ, ಸಂಜೀ ಊಟಕ್ಕ ಕಾಯಬ್ಯಾಡ್ರಿ ಅಂತ.”

“ಗುರುತು ಇಲ್ಲದಿದ್ರೆ?” ಎಂದು ಕೇಳಿದೆ.

“ಇಲ್ಲದಿದ್ರ ಯಾಕಿಲ್ಲ ಅಂತ ನೋಡಬೇಕಲ್ರಿ,” ಎಂದು ಫೋನ್ ಇಟ್ಟಳು. ಟ್ಯಾಕ್ಸಿಯ ಬಾಗಿಲು ಮುಚ್ಚುವ ಸದ್ದು ಅದಕ್ಕೂ ಮೊದಲೇ ಕೇಳಿತ್ತು.